ಪಿಕಪ್ ಗಾಡಿಯ ಅಡಿಯಿಂದ ಬರುವ ‘ಢಕ್’ ಶಬ್ದ: ಮೂಲ ಹಿಡಿಯುವ ಕ್ರಮ

ಅಡಿಯಿಂದ ‘ಢಕ್’ ಎಂದು ಕೇಳಿಸಿದ ಕೂಡಲೇ ಬಹಳಷ್ಟು ಮಂದಿ ಮೊದಲು ಬದಲಿಸುವುದು ಶಾಕ್ ಅಬ್ಸಾರ್ಬರ್. ಶಬ್ದ ಹೋಗುವುದಿಲ್ಲ. ಆಮೇಲೆ ಬುಷ್ (ಪಿನ್ನಿನ ಸುತ್ತ ಕೂರುವ ರಬ್ಬರ್ ಅಥವಾ ಲೋಹದ ಕೊಳವೆ) ಹಾಕಿಸುತ್ತಾರೆ, ಅದರ ನಂತರ ಜಾಯಿಂಟ್ ಕ್ರಾಸ್ (ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲಿಗೆ ಹೋಗುವ ಶಾಫ್ಟಿನ ಕೀಲು). ಮೂರು ಬಿಲ್ ಕಟ್ಟಿದ ಮೇಲೆ ಯಾರೋ ಬಗ್ಗಿ ನೋಡಿದರೆ ಸ್ಟೆಪ್ನಿಯ ಸರಪಳಿ ಸಡಿಲವಾಗಿರುತ್ತದೆ. ಕೆಲಸ ಬಲ್ಲವರೂ ಇಲ್ಲಿ ಎಡವುವುದು ಕ್ರಮ ತಪ್ಪುವುದರಿಂದ. ಆದ್ದರಿಂದ ಕೆಳಗಿನ ಹಂತಗಳನ್ನು ಕೊಟ್ಟಿರುವ ಸಾಲಿನಲ್ಲೇ ಮಾಡಿ. ನಡುವೆ ಅನುಮಾನ ಎಷ್ಟೇ ಬಲವಾಗಿದ್ದರೂ ಮುಂದಕ್ಕೆ ಜಿಗಿಯಬೇಡಿ.

ಇಲ್ಲಿ ಹೇಳುವುದು ಹಿಂದಿನ ಚಕ್ರಗಳಿಗೆ ಬಲ ಹೋಗುವ, ಹಿಂಭಾಗದಲ್ಲಿ ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್) ಇರುವ ಸರಕಿನ ಪಿಕಪ್‌ಗಳಿಗೆ ಸಂಬಂಧಿಸಿದ್ದು: ಬೊಲೆರೊ ಪಿಕಪ್, ಟಾಟಾ ಏಸ್, ಇಸುಜು ಡಿ-ಮ್ಯಾಕ್ಸ್ ಮೊದಲಾದವು. ಮುಂಭಾಗದ ರಚನೆ ಮಾತ್ರ ಗಾಡಿಯಿಂದ ಗಾಡಿಗೆ ಬೇರೆ. ಏಸ್‌ನಲ್ಲಿ ಮುಂದೆಯೂ ಪಟ್ಟಿ ಮತ್ತು ಗಟ್ಟಿ ಆಕ್ಸಲ್, ಡಿ-ಮ್ಯಾಕ್ಸ್‌ನಲ್ಲಿ ಕಾಯಿಲ್ ಸ್ಪ್ರಿಂಗ್ ಮತ್ತು ಚಕ್ರವನ್ನು ಹಿಡಿಯುವ ಆರ್ಮ್‌ಗಳು. ನಿಮ್ಮದು ಯಾವ ಬಗೆಯದೆಂದು ಮೊದಲೇ ಬಗ್ಗಿ ನೋಡಿಟ್ಟುಕೊಳ್ಳಿ.

ಬೇಕಾದ ಸಾಮಾನು

ಜಾಕ್, ಅದರ ಜೊತೆಗೆ ಕಡ್ಡಾಯವಾಗಿ ಎರಡು ಜಾಕ್ ಸ್ಟ್ಯಾಂಡ್. ಚಕ್ರಗಳಿಗೆ ಅಡ್ಡ ಕೊಡಲು ನಾಲ್ಕು ಮರದ ತುಂಡು. ಒಳ್ಳೆಯ ಟಾರ್ಚ್, ಉದ್ದನೆಯ ಹಾರೆ ಅಥವಾ ಟೈರ್ ಬಿಚ್ಚುವ ಲಿವರ್, ರಬ್ಬರ್ ಸುತ್ತಿಗೆ, ಸ್ಪ್ಯಾನರ್ ಸೆಟ್, ಅಳತೆಯ ಟೇಪ್, ಸೀಮೆಸುಣ್ಣ, ಹಳೆಯ ಟ್ಯೂಬಿನಿಂದ ಕತ್ತರಿಸಿದ ನಾಲ್ಕಾರು ಪಟ್ಟಿಗಳು, ಗ್ರೀಸ್ ಗನ್. ಜೊತೆಗೆ ಒಬ್ಬ ಸಹಾಯಕ ಬೇಕು. ಒಬ್ಬರೇ ಹುಡುಕಿದರೆ ಒಂದು ಗಂಟೆಯ ಕೆಲಸ ಇಡೀ ದಿನ ತಿನ್ನುತ್ತದೆ; ಏಕೆಂದರೆ ಅಲುಗಾಡಿಸುವ ಕೈ ಒಂದು, ಶಬ್ದ ಮುಟ್ಟಿ ನೋಡುವ ಕೈ ಇನ್ನೊಂದು ಇರಬೇಕು.

ಟಾರ್ಕ್ ರೆಂಚ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಕೊನೆಯ ಬಿಗಿತವನ್ನು ಗ್ಯಾರೇಜಿನಲ್ಲಿ ಮಾಡಿಸಿ.

1. ತೊಳೆಯಬೇಡಿ, ಖಾಲಿ ಮಾಡಿ

ಗಾಡಿಯನ್ನು ನೇರವಾಗಿ ವಾಟರ್ ಸರ್ವಿಸ್‌ಗೆ ಒಯ್ದು, ಅಡಿಭಾಗ ಫಳಫಳ ಮಾಡಿಸಿ, ಆಮೇಲೆ ಹುಡುಕಲು ಕೂರುವುದು ತೀರಾ ಸಾಮಾನ್ಯವಾದ ತಪ್ಪು. ಸಡಿಲವಾದ ಜಾಗದಲ್ಲಿ ಲೋಹ ಲೋಹಕ್ಕೆ ಉಜ್ಜಿ ಕೆಂಪು ತುಕ್ಕಿನ ಪುಡಿ ಕೂತಿರುತ್ತದೆ, ಬಡಿಯುವ ಜಾಗ ಹೊಳೆಯುತ್ತಿರುತ್ತದೆ, ಸೋರಿದ ಎಣ್ಣೆಗೆ ದೂಳು ಅಂಟಿರುತ್ತದೆ. ನಿಮಗೆ ಬೇಕಾದ ಸಾಕ್ಷ್ಯವೆಲ್ಲ ಅದೇ. ಒತ್ತಡದ ನೀರು ಬಿದ್ದರೆ ಹತ್ತು ನಿಮಿಷದಲ್ಲಿ ಎಲ್ಲವೂ ಚರಂಡಿ ಸೇರುತ್ತದೆ. ಗಟ್ಟಿ ಕೆಸರು ಅಂಟಿದ್ದರೆ ಕೈಯಿಂದ ಕೆರೆದು ತೆಗೆಯಿರಿ.

ಆಮೇಲೆ ಗಾಡಿಯಲ್ಲಿ ಅಲುಗಾಡಬಲ್ಲದ್ದನ್ನೆಲ್ಲ ಇಳಿಸಿ: ಸೀಟಿನ ಹಿಂದಿನ ಜಾಕ್, ಪಾನ, ಹಗ್ಗದ ಕೊಕ್ಕೆ, ಟಾರ್ಪಾಲಿನ ಕಬ್ಬಿಣದ ಕಂಬಿ, ಖಾಲಿ ಕ್ರೇಟು. ಹಿಂಬಾಗಿಲಿನ ಕೊಂಡಿಗಳ ನಡುವೆ ಟ್ಯೂಬಿನ ಪಟ್ಟಿ ಸಿಕ್ಕಿಸಿ ಬಿಗಿಯಾಗಿ ಮುಚ್ಚಿ. ಸ್ಟೆಪ್ನಿಯನ್ನು ಕೈಯಿಂದ ಅಲುಗಾಡಿಸಿ ನೋಡಿ. ಅಲುಗಿದರೆ ಸರಪಳಿ ಎಳೆದು ಬಿಗಿಗೊಳಿಸಿ. ಬ್ಯಾಟರಿಯ ಕ್ಲಾಂಪನ್ನೂ ಮರೆಯಬೇಡಿ. ಇಷ್ಟು ಮಾಡಿ, ಕೆಳಗೆ ಹೇಳಿದಂತೆ ಚಕ್ರದ ನಟ್ಟುಗಳನ್ನೂ ನೋಡಿ, ಆಮೇಲೆ ಒಂದು ಸುತ್ತು ಹೋಗಿ ಬನ್ನಿ. ಶಬ್ದ ಅಲ್ಲಿಗೇ ನಿಂತುಹೋಗುವ ಗಾಡಿಗಳು ಕಡಿಮೆಯೇನಿಲ್ಲ.

2. ಚಕ್ರದ ನಟ್ಟು

ಆ ಸುತ್ತಿಗೆ ಹೊರಡುವ ಮೊದಲೇ ಇದನ್ನು ಮುಗಿಸಿ. ಎಲ್ಲ ಚಕ್ರಗಳ ಎಲ್ಲ ನಟ್ಟುಗಳಿಗೂ ಪಾನ ಹಾಕಿ ಬಿಗಿ ನೋಡಿ. ನಟ್ಟಿನ ಸುತ್ತ ತುಕ್ಕಿನ ಗೆರೆಗಳು ಹೊರಮುಖವಾಗಿ ಹರಿದಿದ್ದರೆ, ರಿಮ್ಮಿನ ರಂಧ್ರ ಉದ್ದಕ್ಕೆ ಸವೆದಿದ್ದರೆ, ಆ ಚಕ್ರ ಸಡಿಲವಾಗಿ ಓಡಿದೆ ಎಂದು ಅರ್ಥ. ಅಂಥ ರಿಮ್ಮನ್ನೂ ಬೋಲ್ಟುಗಳನ್ನೂ ಬದಲಿಸದೆ ಓಡಿಸಬಾರದು. ಪಂಕ್ಚರ್ ಹಾಕಿಸಿದ ಮರುದಿನದಿಂದ ಶಬ್ದ ಶುರುವಾಗಿದ್ದರೆ ಮೊದಲ ಅನುಮಾನ ಇದರ ಮೇಲೆಯೇ.

3. ಶಬ್ದ ಯಾವಾಗ ಬರುತ್ತದೆ?

ಎಲ್ಲಿಂದ ಬರುತ್ತಿದೆ ಎಂಬುದನ್ನು ಈಗಲೇ ಕೇಳಬೇಡಿ. ಚಾಸಿಸ್ ಉದ್ದನೆಯ ಉಕ್ಕಿನ ಚೌಕಟ್ಟು. ಹಿಂದಿನ ಶ್ಯಾಕಲ್ (ಪಟ್ಟಿಯ ತುದಿಯನ್ನು ಚಾಸಿಸ್ಸಿಗೆ ಜೋಡಿಸುವ ಕೊಂಡಿ) ಬಡಿದರೂ ಚಾಲಕನ ಕಾಲಡಿಯಲ್ಲಿ ಕೇಳಿಸಬಹುದು. ಕಿವಿ ಮೋಸ ಹೋಗುತ್ತದೆ. ಸಂದರ್ಭ ಮೋಸ ಮಾಡುವುದು ಕಡಿಮೆ. ಜನ ಓಡಾಡದ, ಸಮತಟ್ಟಾದ ರಸ್ತೆಯಲ್ಲಿ ಕಿಟಕಿ ಇಳಿಸಿ, ರೇಡಿಯೊ ಆರಿಸಿ, ಈ ಪರೀಕ್ಷೆಗಳನ್ನು ಒಂದೊಂದಾಗಿ ಮಾಡಿ, ಸಹಾಯಕ ಬರೆದುಕೊಳ್ಳಲಿ.

ಮೊದಲ ಗೇರಿನಲ್ಲಿ ಕ್ಲಚ್ ಬಿಡುವಾಗ ಒಂದೇ ‘ಟಕ್’, ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗ ಇನ್ನೊಂದು ‘ಟಕ್’, ರಿವರ್ಸ್ ಹಾಕಿದಾಗ ಇನ್ನೂ ಜೋರು: ಬಲ ಸಾಗಿಸುವ ದಾರಿಯಲ್ಲಿ ಎಲ್ಲೋ ಸಡಿಲ ಇದೆ. ಜಾಯಿಂಟ್ ಕ್ರಾಸ್, ಶಾಫ್ಟಿನ ಸ್ಲಿಪ್ ಜಾಯಿಂಟ್ (ಒಳಗೆ ಹೊರಗೆ ಜಾರುವ ಜೋಡಣೆ), ಡಿಫರೆನ್ಷಿಯಲ್ (ಹಿಂದಿನ ಆಕ್ಸಲಿನ ನಡುವಿನ ಗೇರುಗಳ ಗುಂಡು), ಎಂಜಿನ್ ಅಥವಾ ಗೇರ್‌ಬಾಕ್ಸಿನ ಮೌಂಟಿಂಗ್. ಹಿಂದಿನ ಪಟ್ಟಿಯ ಯು-ಬೋಲ್ಟ್ ಸಡಿಲವಾದರೂ ಹೀಗೇ ಕೇಳಿಸುತ್ತದೆ, ಅದನ್ನು ಲೆಕ್ಕದಿಂದ ಬಿಡಬೇಡಿ.

ಹಂಪ್ ದಾಟುವಾಗ, ಗುಂಡಿಗೆ ಇಳಿಯುವಾಗ ಮಾತ್ರ: ಶ್ಯಾಕಲ್ ಬುಷ್, ಶಾಕ್ ಅಬ್ಸಾರ್ಬರಿನ ಬುಷ್, ಸ್ಟೆಬಿಲೈಜರ್ (ಗಾಡಿ ವಾಲದಂತೆ ಹಿಡಿಯುವ ಕಂಬಿ) ಲಿಂಕ್, ಸೈಲೆನ್ಸರಿನ ರಬ್ಬರ್, ಕ್ಯಾಬಿನ್ ಅಥವಾ ಲೋಡ್ ಬಾಡಿಯ ಬೋಲ್ಟು. ಹಂಪನ್ನು ಎರಡು ಬಗೆಯಲ್ಲಿ ದಾಟಿ ನೋಡಿ: ಒಮ್ಮೆ ನೇರವಾಗಿ, ಒಮ್ಮೆ ಓರೆಯಾಗಿ ಒಂದೊಂದೇ ಚಕ್ರ ಏರುವಂತೆ. ಓರೆಯಲ್ಲಿ ಹೆಚ್ಚಾದರೆ ಸ್ಟೆಬಿಲೈಜರ್ ಅಥವಾ ಬಾಡಿಯ ಕಡೆ ನೋಡಬೇಕು. ಮುಂದಿನ ಚಕ್ರ ಏರಿದಾಗ ಬರುತ್ತದೆಯೋ ಹಿಂದಿನದು ಏರಿದಾಗಲೋ ಎಂಬುದೂ ನಿಧಾನವಾಗಿ ದಾಟಿದರೆ ತಾನಾಗಿ ತಿಳಿಯುತ್ತದೆ.

ಬ್ರೇಕ್ ಒತ್ತಿದಾಗ ಒಂದೇ ಸಲ: ಬ್ರೇಕಿನ ಪ್ಯಾಡ್, ಅದನ್ನು ಒತ್ತುವ ಕ್ಯಾಲಿಪರ್, ಇಲ್ಲವೇ ಆಕ್ಸಲ್ ಮುಂದೆ ಹಿಂದೆ ಸರಿಯುತ್ತಿದೆ. ಸ್ಟಿಯರಿಂಗ್ ತಿರುಗಿಸಿದಾಗ: ಬಾಲ್ ಜಾಯಿಂಟ್ ಅಥವಾ ಕಿಂಗ್ ಪಿನ್ (ಮುಂಚಕ್ರ ಎಡಬಲಕ್ಕೆ ತಿರುಗುವ ಕೀಲು), ಟೈ ರಾಡ್ (ಸ್ಟಿಯರಿಂಗಿನ ಎಳೆತವನ್ನು ಚಕ್ರಕ್ಕೆ ಒಯ್ಯುವ ಸರಳು).

ಹಂಪಿಲ್ಲದ ರಸ್ತೆಯಲ್ಲೂ ಲಯಬದ್ಧವಾಗಿ ‘ಟಕ್ ಟಕ್’ ಎನ್ನುತ್ತ ವೇಗದೊಂದಿಗೆ ಏರಿದರೆ, ತಿರುಗುವ ಭಾಗದಲ್ಲಿ ದೋಷವಿದೆ. ಗಂಟೆಗೆ 10 ಕಿ.ಮೀ. ವೇಗದಲ್ಲಿ ಹಿಡಿದು ಎಣಿಸಿ. ಚಕ್ರ ಸೆಕೆಂಡಿಗೆ ಒಂದರಿಂದ ಎರಡು ಸುತ್ತು ತಿರುಗುತ್ತದೆ. ಪ್ರೊಪೆಲ್ಲರ್ ಶಾಫ್ಟ್ ಅದರ ಸುಮಾರು ನಾಲ್ಕು ಪಟ್ಟು. ಎಣಿಸಲು ಸಾಧ್ಯವಾಗುವಷ್ಟು ನಿಧಾನವಿದ್ದರೆ ಚಕ್ರದ ಕಡೆ, ಎಣಿಸಲಾಗದಷ್ಟು ಚುರುಕಾಗಿದ್ದರೆ ಶಾಫ್ಟಿನ ಕಡೆ.

ಸರಕು ತುಂಬಿದಾಗ ಮಾತ್ರ ಬರುವ ಶಬ್ದವನ್ನು ಖಾಲಿ ಗಾಡಿಯಲ್ಲಿ ಹುಡುಕಿ ಪ್ರಯೋಜನವಿಲ್ಲ. ಅಂಥ ಗಾಡಿಯನ್ನು ಗ್ಯಾರೇಜಿಗೆ ಖಾಲಿ ಒಯ್ದು ‘ಏನೂ ಇಲ್ಲ’ ಎನ್ನಿಸಿಕೊಂಡು ವಾಪಸು ಬರುವವರು ಬಹಳ. ತುಂಬಿಕೊಂಡೇ ಹೋಗಿ. ಭಾರಕ್ಕೆ ಪಟ್ಟಿ ಇಳಿದು ಆಕ್ಸಲ್ ಚಾಸಿಸ್ಸಿಗೆ ತಾಗುತ್ತಿದ್ದರೆ, ನಡುವೆ ಇರಬೇಕಾದ ರಬ್ಬರ್ ಸ್ಟಾಪರ್ ಹರಿದುಹೋಗಿರುತ್ತದೆ, ಇಲ್ಲವೇ ಉದುರಿಯೇ ಹೋಗಿರುತ್ತದೆ. ತಾಗಿದ ಜಾಗ ಹೊಳೆಯುತ್ತದೆ.

4. ಚಕ್ರ ನೆಲದ ಮೇಲಿರುವಾಗಲೇ ಹಿಂಭಾಗ ನೋಡಿ

ಕೂಡಲೇ ಜಾಕ್ ಹಾಕಬೇಡಿ. ಗಾಡಿ ಎತ್ತಿದರೆ ಪಟ್ಟಿಗಳು ಜೋತುಬಿದ್ದು, ಸಡಿಲವಾದ ಬುಷ್ ಕೂಡ ಒಂದು ಬದಿಗೆ ಒತ್ತಿ ನಿಂತು ಬಿಗಿಯಾಗಿರುವಂತೆ ಕಾಣಿಸುತ್ತದೆ. ಗಟ್ಟಿ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಗಳಿಗೆ ಎರಡೂ ಬದಿ ಅಡ್ಡ ಕೊಡಿ. ಎಂಜಿನ್ ಆರಿಸಿ, ಸೈಲೆನ್ಸರ್ ತಣ್ಣಗಾಗಲು ಬಿಡಿ.

ಯು-ಬೋಲ್ಟಿನಿಂದ ಶುರು ಮಾಡಿ. ಹಿಂದಿನ ಆಕ್ಸಲನ್ನು ಪಟ್ಟಿಗೆ ಕಟ್ಟಿ ಹಿಡಿಯುವ ಈ ಬೋಲ್ಟುಗಳ ನಟ್ಟಿನ ಕೆಳಗೆ ಕೆಂಪು ಪುಡಿ, ಪಟ್ಟಿ ಕೂರುವ ಜಾಗದಲ್ಲಿ ಹೊಸ ಹೊಳಪು ಕಂಡರೆ ಅದು ಸಡಿಲವೇ. ಸಡಿಲವಿದ್ದಷ್ಟು ದಿನವೂ ಪಟ್ಟಿಗಳ ನಡುವಿನ ಸೆಂಟರ್ ಬೋಲ್ಟಿನ ಮೇಲೆ ಹೊಡೆತ ಬೀಳುತ್ತಿರುತ್ತದೆ. ಕೊನೆಗೆ ಅದು ತುಂಡಾಗುತ್ತದೆ, ಆಕ್ಸಲ್ ಒಂದು ಬದಿಯಲ್ಲಿ ಸರಿಯುತ್ತದೆ, ಗಾಡಿ ರಸ್ತೆಯಲ್ಲಿ ಓರೆಯಾಗಿ ಓಡುತ್ತದೆ.

ಇದನ್ನು ಟೇಪಿನಿಂದ ಅಳೆದು ಖಚಿತಪಡಿಸಬಹುದು. ಮುಂದಿನ ಚಕ್ರಗಳನ್ನು ನೇರವಾಗಿಟ್ಟು, ಎರಡೂ ಬದಿಯಲ್ಲಿ ಮುಂಚಕ್ರದ ನಡುವಿನಿಂದ ಹಿಂಚಕ್ರದ ನಡುವಿಗೆ ಅಳೆಯಿರಿ. ಎಡಬಲಗಳ ನಡುವೆ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಬಂದರೆ ಓಡಿಸುವುದನ್ನು ನಿಲ್ಲಿಸಿ.

ನಂತರ ಪಟ್ಟಿಗಳು. ಮುರಿದ ಪಟ್ಟಿ ಬೇರೆಯಾಗಿ ನೇತಾಡಬೇಕೆಂದೇನಿಲ್ಲ. ಸೆಂಟರ್ ಬೋಲ್ಟಿನ ಬಳಿ ಅಥವಾ ಪಟ್ಟಿಯ ತುದಿಯ ಸುರುಳಿಯ ಬುಡದಲ್ಲಿ ಕೂದಲೆಳೆಯಷ್ಟು ತುಕ್ಕಿನ ಗೆರೆ ಇದ್ದರೆ ಅಲ್ಲಿ ಬಿರುಕು ಇದೆ. ಪಟ್ಟಿಗಳನ್ನು ಒಟ್ಟಿಗೆ ಹಿಡಿಯುವ ಕ್ಲಿಪ್ಪುಗಳನ್ನೂ ತಟ್ಟಿ ನೋಡಿ. ಅವು ಸಡಿಲವಾದರೆ ಖಾಲಿ ಗಾಡಿಯಲ್ಲಿ ‘ಲಟಲಟ’ ಎನ್ನುತ್ತವೆ, ಭಾರ ಹಾಕಿದರೆ ಸುಮ್ಮನಾಗುತ್ತವೆ.

ಈಗ ಸಹಾಯಕ ಲೋಡ್ ಬಾಡಿಯ ಹಿಂಬದಿಯಲ್ಲಿ ನಿಂತು ಗಾಡಿಯನ್ನು ಮೇಲೆ ಕೆಳಗೆ ಕುಣಿಸಲಿ. ನೀವು ಬದಿಯಿಂದ ಕೈ ಚಾಚಿ ಪಟ್ಟಿಯ ಮುಂದಿನ ಪಿನ್, ಹಿಂದಿನ ಶ್ಯಾಕಲ್, ಶಾಕ್ ಅಬ್ಸಾರ್ಬರಿನ ಮೇಲಿನ ಮತ್ತು ಕೆಳಗಿನ ಕೊನೆ, ಹೀಗೆ ಒಂದೊಂದರ ಮೇಲೂ ಅಂಗೈ ಇಟ್ಟು ಕಾಯಿರಿ. ಬೆರಳು ಸಂದಿಗೆ ಹೋಗದಂತೆ ಎಚ್ಚರವಿರಲಿ. ಸರಿಯಾದ ಜಾಗದಲ್ಲಿ ಶಬ್ದ ಕೈಗೆ ಹೊಡೆತವಾಗಿ ತಾಕುತ್ತದೆ. ಪಕ್ಕದ ಜಾಗದಲ್ಲಿ ಬರೀ ಅದುರು. ಈ ವ್ಯತ್ಯಾಸ ಒಮ್ಮೆ ಕೈಗೆ ಹತ್ತಿದರೆ ಯಾವ ಯಂತ್ರವೂ ಬೇಡ. ಆಮೇಲೆ ಶ್ಯಾಕಲ್ ಮತ್ತು ಚಾಸಿಸ್ ನಡುವೆ ಹಾರೆ ಕೊಟ್ಟು ಮೀಟಿ. ರಬ್ಬರ್ ಬುಷ್ ತುಸು ಬಾಗುವುದು ಸಹಜ, ಆದರೆ ಲೋಹ ಲೋಹಕ್ಕೆ ಬಡಿಯಬಾರದು.

ರಬ್ಬರ್ ಬುಷ್‌ಗಳಿಗೆ ಡೀಸೆಲ್, ಹಳೆಯ ಎಂಜಿನ್ ಆಯಿಲ್ ಹೊಡೆಯುವ ಅಭ್ಯಾಸ ನಮ್ಮಲ್ಲಿದೆ. ನಾಲ್ಕು ದಿನ ಶಬ್ದ ನಿಲ್ಲುತ್ತದೆ, ನಂತರ ರಬ್ಬರ್ ಉಬ್ಬಿ ಹಾಳಾಗುತ್ತದೆ. ಗ್ರೀಸ್ ನಿಪ್ಪಲ್ ಇರುವ ಲೋಹದ ಬುಷ್‌ಗೆ ಮಾತ್ರ ಗ್ರೀಸ್.

5. ಶಾಫ್ಟ್, ಡಿಫರೆನ್ಷಿಯಲ್, ಮೌಂಟಿಂಗ್

ಗಾಡಿ ಇನ್ನೂ ನೆಲದ ಮೇಲೇ ಇರಲಿ, ಅಡ್ಡಗಳು ಹಾಗೇ ಇರಲಿ. ಗೇರನ್ನು ನ್ಯೂಟ್ರಲ್‌ಗೆ ತನ್ನಿ; ಗೇರಿನಲ್ಲಿದ್ದರೆ ಶಾಫ್ಟಿನ ಮೇಲೆ ಒತ್ತಡ ನಿಂತು ಸಡಿಲ ಅಡಗುತ್ತದೆ. ಕ್ರಾಸಿನ ಎರಡೂ ಬದಿಯ ಕವೆಗಳನ್ನು ಎರಡು ಕೈಯಲ್ಲಿ ಹಿಡಿದು ಎದುರು ಬದುರಾಗಿ ತಿರುಚಿ, ಆಮೇಲೆ ಮೇಲೆ ಕೆಳಗೆ ಎತ್ತಿ ನೋಡಿ. ಎರಡು ಕವೆಗಳ ನಡುವೆ ಎಳ್ಳಷ್ಟೂ ಅಲುಗಾಟ ಇರಬಾರದು. ಕ್ರಾಸಿನ ತುದಿಗಳ ಬೇರಿಂಗ್ ಕಪ್‌ಗಳ ಸುತ್ತ ಕೆಂಪು ಪುಡಿ ಉದುರಿದ್ದರೆ ಒಳಗಿನ ಸೂಜಿ ಬೇರಿಂಗ್ ಒಣಗಿ ಹೋಗಿದೆ.

ಎರಡು ತುಂಡಿನ ಶಾಫ್ಟ್ ಇದ್ದರೆ ನಡುವಿನ ಸೆಂಟರ್ ಬೇರಿಂಗಿನ ರಬ್ಬರನ್ನು ನೋಡಿ. ಅದು ಹರಿದಿದ್ದರೆ ಭಾರ ಹೊತ್ತು ಹೊರಡುವಾಗ ಗಾಡಿ ನಡುಗಿ ನಂತರ ‘ಧಡ್’ ಎನ್ನುತ್ತದೆ. ನಿಂತು ಹೊರಟ ಒಂದು ಕ್ಷಣದ ನಂತರ ಬರುವ ‘ಟಕ್’ ಸ್ಲಿಪ್ ಜಾಯಿಂಟಿನದಾಗಿರಬಹುದು. ಅಲ್ಲಿ ಗ್ರೀಸ್ ಒಣಗಿದರೆ ಹಲ್ಲುಗಳು ಜಾರದೆ ಸಿಕ್ಕಿಕೊಂಡು ತಟ್ಟನೆ ಬಿಡುತ್ತವೆ. ಅದಕ್ಕೆ ಗ್ರೀಸ್ ಗನ್ ಸಾಕು. ಈ ಕಾರಣಕ್ಕೇ ಕ್ರಾಸ್ ಬದಲಿಸುವ ಮೊದಲು ಗ್ರೀಸ್ ಹೊಡೆದು ಒಂದು ಸುತ್ತು ಹೋಗಿ ಬನ್ನಿ ಎನ್ನುವುದು.

ಶಾಫ್ಟನ್ನು ಬಿಚ್ಚಬೇಕಾಗಿ ಬಂದರೆ ಮೊದಲು ಪ್ರತಿ ಜೋಡಣೆಯ ಮೇಲೂ ಬಣ್ಣದ ಗೆರೆ ಎಳೆಯಿರಿ. ಅದೇ ಕೋನದಲ್ಲಿ ಕೂರಿಸದಿದ್ದರೆ ಶಬ್ದ ಹೋಗಿ ಕಂಪನ ಬರುತ್ತದೆ, ಅದರ ಹಿಂದೆ ಇನ್ನೊಂದು ವಾರ ಅಲೆಯಬೇಕಾಗುತ್ತದೆ.

ಡಿಫರೆನ್ಷಿಯಲ್ ಬಳಿ ಶಾಫ್ಟನ್ನು ತಿರುಗಿಸಿದರೆ ಸ್ವಲ್ಪ ಆಟ ಸಿಗುತ್ತದೆ. ಅದು ಹಲ್ಲುಗಳ ನಡುವೆ ಇರಲೇಬೇಕಾದ ಸಂದು. ಅದನ್ನು ಕಂಡು ಕ್ರೌನ್ ಪಿನಿಯನ್ (ಡಿಫರೆನ್ಷಿಯಲ್ ಒಳಗಿನ ಗೇರು ಜೋಡಿ) ಹೋಗಿದೆ ಎಂದು ಗಾಬರಿಯಾಗಬೇಡಿ. ಯಾರಾದರೂ ಆ ಆಟವನ್ನೇ ತೋರಿಸಿ ದೊಡ್ಡ ಬಿಲ್ಲಿನ ಮಾತಾಡಿದರೆ ಇನ್ನೊಬ್ಬರ ಅಭಿಪ್ರಾಯ ಕೇಳಿ. ನಿಜವಾಗಿ ನೋಡಬೇಕಾದದ್ದು, ಅಲ್ಲಿ ಶಾಫ್ಟ್ ಕೂರುವ ಫ್ಲಾಂಜ್ ಮೇಲೆ ಕೆಳಗೆ ಅಥವಾ ಒಳಗೆ ಹೊರಗೆ ಅಲುಗುತ್ತದೆಯೇ ಎಂಬುದನ್ನು. ಅಲುಗಿದರೆ ಪಿನಿಯನ್ ಬೇರಿಂಗ್ ಅಥವಾ ನಟ್ಟು ಸಡಿಲ, ತಡ ಮಾಡುವಂತಿಲ್ಲ.

ಮೌಂಟಿಂಗ್ ಪರೀಕ್ಷೆಗೆ ಗಾಡಿಯಡಿಯಿಂದ ಹೊರಬನ್ನಿ. ಸಹಾಯಕ ಎಂಜಿನ್ ಚಾಲೂ ಮಾಡಿ, ಬ್ರೇಕ್ ಗಟ್ಟಿಯಾಗಿ ಒತ್ತಿ, ಮೊದಲ ಗೇರಿನಲ್ಲಿ ಕ್ಲಚ್ಚನ್ನು ತುಸುವೇ ಬಿಟ್ಟು ಹಿಡಿಯಲಿ. ನಂತರ ರಿವರ್ಸಿನಲ್ಲಿ ಹಾಗೆಯೇ. ಬದಿಯಿಂದ ನೋಡುವಾಗ ಎಂಜಿನ್ ಎಗರಿ ಬಿದ್ದರೆ ಮೌಂಟಿಂಗ್ ರಬ್ಬರ್ ಹರಿದಿದೆ. ಗಾಡಿಯ ಮುಂದೆಯೂ ಹಿಂದೆಯೂ ಯಾರೂ ನಿಲ್ಲಬಾರದು.

6. ಈಗ ಎತ್ತಿ, ಆದರೆ ಹೀಗೆ

ಬರೀ ಜಾಕಿನ ಮೇಲೆ ನಿಂತ ಗಾಡಿಯ ಅಡಿಗೆ ತಲೆ ಹಾಕಬೇಡಿ. ಒಂದು ನಿಮಿಷಕ್ಕೂ ಬೇಡ. ಎತ್ತಿ, ಸ್ಟ್ಯಾಂಡ್ ಕೊಟ್ಟು, ಭಾರವನ್ನು ಸ್ಟ್ಯಾಂಡಿನ ಮೇಲೆ ಇಳಿಸಿ, ಬದಿಯಿಂದ ತಳ್ಳಿ ನೋಡಿ, ಆಮೇಲೆ ಕೈ ಹಾಕಿ. ಮಣ್ಣಿನ ನೆಲವಾದರೆ ಕೆಳಗೆ ದಪ್ಪ ಹಲಗೆ ಬೇಕು. ಇಟ್ಟಿಗೆ, ಹಾಲೋ ಬ್ಲಾಕ್ ಬೇಡವೇ ಬೇಡ. ಅವು ಬಾಗುವುದಿಲ್ಲ, ಸೂಚನೆಯಿಲ್ಲದೆ ಒಡೆಯುತ್ತವೆ.

ಹಿಂದಿನ ಒಂದೇ ಚಕ್ರ ಎತ್ತಿದಾಗ ಗೇರಿನಲ್ಲಿದೆಯೆಂದು ನಂಬಿ ಕೂರಬೇಡಿ. ಎತ್ತಿದ ಚಕ್ರ ತಿರುಗಲು ಡಿಫರೆನ್ಷಿಯಲ್ ಬಿಡುತ್ತದೆ, ಹಾಗಾಗಿ ನೆಲದ ಮೇಲಿರುವ ಚಕ್ರ ಗೇರಿನಲ್ಲಿದ್ದರೂ ಉರುಳಬಹುದು. ಹ್ಯಾಂಡ್ ಬ್ರೇಕೂ ಹಿಂಚಕ್ರಗಳನ್ನೇ ಹಿಡಿಯುವುದರಿಂದ ಎರಡೂ ಹಿಂಚಕ್ರ ಮೇಲಿದ್ದಾಗ ಅದರಿಂದ ಉಪಯೋಗವಿಲ್ಲ. ಗಾಡಿಯನ್ನು ಹಿಡಿಯುವುದು ಮರದ ಅಡ್ಡಗಳೇ.

7. ಮುಂಭಾಗ

ಮುಂಚಕ್ರವನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಒಳಗೆ ಹೊರಗೆ ಅಲುಗಾಡಿಸಿ. ಅಲುಗಿದರೆ ಸಹಾಯಕ ಬ್ರೇಕ್ ಒತ್ತಿ ಹಿಡಿಯಲಿ, ಮತ್ತೆ ಅಲುಗಾಡಿಸಿ. ಈಗ ಆಟ ನಿಂತರೆ ಚಕ್ರದ ಬೇರಿಂಗ್. ಬ್ರೇಕ್ ಒತ್ತಿದರೂ ಉಳಿದರೆ ಬಾಲ್ ಜಾಯಿಂಟ್ ಅಥವಾ ಕಿಂಗ್ ಪಿನ್. ನಂತರ 9 ಮತ್ತು 3ರ ಜಾಗದಲ್ಲಿ ಹಿಡಿದು ಅಲುಗಾಡಿಸಿ. ಇಲ್ಲಿ ಸಿಗುವ ಆಟ ಹೆಚ್ಚಾಗಿ ಟೈ ರಾಡ್ ಕೊನೆಯದು, ಸಹಾಯಕ ಅದರ ಮೇಲೆ ಬೆರಳಿಟ್ಟರೆ ತಿಳಿಯುತ್ತದೆ.

ಆರ್ಮ್ ಇರುವ ಗಾಡಿಗಳಲ್ಲಿ ಒಂದು ಸೂಕ್ಷ್ಮವಿದೆ. ಸ್ಪ್ರಿಂಗ್ ಕೆಳಗಿನ ಆರ್ಮ್ ಮೇಲೆ ಕೂತಿದ್ದರೆ ಜಾಕನ್ನು ಚಾಸಿಸ್ಸಿಗೆ ಕೊಟ್ಟು ಎತ್ತಿದಾಗ ಸ್ಪ್ರಿಂಗಿನ ಒತ್ತಡ ಬಾಲ್ ಜಾಯಿಂಟನ್ನು ಬಿಗಿಯಾಗಿ ಹಿಡಿದಿರುತ್ತದೆ, ಸವೆದದ್ದೂ ಹೊಸದರಂತೆ ತೋರುತ್ತದೆ. ಕೆಳಗಿನ ಆರ್ಮಿಗೇ, ಚಕ್ರಕ್ಕೆ ಹತ್ತಿರ, ಜಾಕ್ ಕೊಟ್ಟು ಭಾರ ಹೊರಿಸಿ, ಚಾಸಿಸ್ಸಿಗೆ ಸ್ಟ್ಯಾಂಡನ್ನೂ ಇಟ್ಟು ಪರೀಕ್ಷಿಸಿ. ಬಾಲ್ ಜಾಯಿಂಟ್ ಚೆನ್ನಾಗಿದೆ ಎಂದು ಗ್ಯಾರೇಜಿನಿಂದ ಬಂದು ಮತ್ತೆ ಶಬ್ದ ಕೇಳುವವರು ಮೊದಲು ವಿಚಾರಿಸಬೇಕಾದದ್ದು ಜಾಕ್ ಎಲ್ಲಿಟ್ಟಿದ್ದರು ಎಂದು.

ಸ್ಟೆಬಿಲೈಜರ್ ಮೇಲೆ ಅನುಮಾನವಿದ್ದರೆ ಎರಡೂ ಬದಿಯ ಲಿಂಕ್ ಬಿಚ್ಚಿ, ಕಂಬಿ ಎಲ್ಲೂ ತಾಗದಂತೆ ಕಟ್ಟಿ, ಖಾಲಿ ರಸ್ತೆಯಲ್ಲಿ ನಡಿಗೆಯ ವೇಗದಲ್ಲಿ ಹಂಪ್ ದಾಟಿ. ಶಬ್ದ ಹೋದರೆ ಉತ್ತರ ಸಿಕ್ಕಿತು. ಹಾಗೇ ಬಿಟ್ಟು ಓಡಿಸಬೇಡಿ, ತಿರುವಿನಲ್ಲಿ ಗಾಡಿ ವಾಲುತ್ತದೆ.

8. ಬ್ರೇಕ್

ನಿಧಾನವಾಗಿ ಮುಂದೆ ಹೋಗಿ ಬ್ರೇಕ್, ಹಿಂದೆ ಹೋಗಿ ಬ್ರೇಕ್. ದಿಕ್ಕು ಬದಲಿಸಿದ ಮೊದಲ ಸಲ ಮಾತ್ರ ‘ಟಕ್’ ಎಂದು, ಅದೇ ದಿಕ್ಕಿನಲ್ಲಿ ಮತ್ತೆ ಬ್ರೇಕ್ ಹಾಕಿದಾಗ ಬರದಿದ್ದರೆ ಪ್ಯಾಡ್ ತನ್ನ ಗೂಡಿನಲ್ಲಿ ಜರುಗುತ್ತಿದೆ. ಕ್ಲಿಪ್ ಹಾಕದೆ ಪ್ಯಾಡ್ ಕೂರಿಸಿದವರ ಕೆಲಸ ಇದು. ಕ್ಯಾಲಿಪರಿನ ಬೋಲ್ಟು, ಜಾರುವ ಪಿನ್ನುಗಳನ್ನೂ ನೋಡಿ.

9. ಇಷ್ಟಾದರೂ ಸಿಗದಿದ್ದರೆ

ಟ್ಯೂಬಿನ ಪಟ್ಟಿಗಳಿಗೆ ಈಗ ಕೆಲಸ. ಅನುಮಾನದ ಒಂದು ಭಾಗವನ್ನು, ಒಂದನ್ನು ಮಾತ್ರ, ಪಟ್ಟಿ ಸುತ್ತಿ ಅಲುಗದಂತೆ ಮಾಡಿ ಓಡಿಸಿ: ಹ್ಯಾಂಡ್ ಬ್ರೇಕ್ ಕೇಬಲ್, ಬ್ರೇಕ್ ಪೈಪಿನ ಕ್ಲಿಪ್, ಮಡ್ ಫ್ಲಾಪಿನ ಕಂಬಿ. ಎರಡನ್ನು ಒಟ್ಟಿಗೆ ಕಟ್ಟಿದರೆ ಯಾವುದರಿಂದ ನಿಂತಿತೆಂದು ತಿಳಿಯುವುದಿಲ್ಲ. ತಿರುಗುವ ಭಾಗಗಳ ಹತ್ತಿರ ಏನನ್ನೂ ಕಟ್ಟಬೇಡಿ. ತಣ್ಣಗಿರುವ ಸೈಲೆನ್ಸರನ್ನು ರಬ್ಬರ್ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತ ಹೋದರೆ, ಅದು ಎಲ್ಲಿ ಚಾಸಿಸ್ಸಿಗೆ ತಾಗುತ್ತದೆಂದು ಸೈಲೆನ್ಸರೇ ಹೇಳುತ್ತದೆ.

ಲೋಡ್ ಬಾಡಿಯನ್ನು ಚಾಸಿಸ್ಸಿಗೆ ಕಟ್ಟಿದ ಬೋಲ್ಟುಗಳು ಅಲಕ್ಷ್ಯಕ್ಕೆ ಗುರಿಯಾದ ಜಾಗ. ಹೊರಗೆ ಕಟ್ಟಿಸಿದ ಬಾಡಿಗಳಲ್ಲಿ ನಡುವೆ ಇಟ್ಟ ಮರ ಅಥವಾ ರಬ್ಬರ್ ಪಟ್ಟಿ ಸವೆದು, ಬೋಲ್ಟು ಸಡಿಲವಾಗಿ, ಇಡೀ ಬಾಡಿ ಎದ್ದು ಬೀಳುತ್ತದೆ. ಅಲ್ಲೇ ಪಟ್ಟಿಯ ಹ್ಯಾಂಗರ್ ಸುತ್ತ ಚಾಸಿಸ್ಸಿನ ಮೇಲೆ ತುಕ್ಕಿನ ಸಣ್ಣ ಗೆರೆ ಇದೆಯೇ ಎಂದು ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ.

ಮೊಬೈಲಿನ ವಿಡಿಯೊ ಚಾಲೂ ಮಾಡಿ ಬಾಡಿಯ ಕೆಳಗೆ ಭದ್ರವಾಗಿ ಕಟ್ಟಿ, ಜಾಗ ಬದಲಿಸುತ್ತ ಒಂದೇ ಹಂಪನ್ನು ಒಂದೇ ವೇಗದಲ್ಲಿ ದಾಟಿ. ಎಲ್ಲಿ ಕಟ್ಟಿದಾಗ ಶಬ್ದ ಜೋರಾಗಿ, ಚೂಪಾಗಿ ದಾಖಲಾಗುತ್ತದೋ ಅಲ್ಲಿಗೆ ಮತ್ತೆ ಟಾರ್ಚ್ ಒಯ್ಯಿರಿ.

ಗಾಡಿ ಅಲ್ಲೇ ನಿಲ್ಲಿಸಬೇಕಾದ ಸೂಚನೆಗಳು

ಚಕ್ರದ ನಟ್ಟು ಸಡಿಲ, ಆಕ್ಸಲ್ ಸರಿದಿರುವುದು, ಬಾಲ್ ಜಾಯಿಂಟ್, ಕಿಂಗ್ ಪಿನ್ ಅಥವಾ ಟೈ ರಾಡಿನಲ್ಲಿ ಕಣ್ಣಿಗೆ ಕಾಣುವ ಆಟ, ಕ್ರಾಸಿನ ಬೇರಿಂಗ್ ಕಪ್ ಹೊರಬಂದಿರುವುದು, ಶಾಫ್ಟಿನ ಬೋಲ್ಟು ಬಿದ್ದಿರುವುದು, ಚಾಸಿಸ್ಸಿನಲ್ಲಿ ಬಿರುಕು. ಇವುಗಳಲ್ಲಿ ಯಾವುದಿದ್ದರೂ ‘ಊರಿಗೆ ಹೋಗಿ ನೋಡೋಣ’ ಎನ್ನಬೇಡಿ, ಮೆಕ್ಯಾನಿಕ್ಕನ್ನು ಅಲ್ಲಿಗೇ ಕರೆಸಿ. ಓಡುವಾಗ ಶಾಫ್ಟಿನ ಮುಂಬದಿ ಕಳಚಿ ರಸ್ತೆಗೆ ನೆಟ್ಟುಕೊಂಡರೆ ಗಾಡಿಯನ್ನೇ ಎತ್ತಿ ಹಾಕಬಲ್ಲದು. ಶಬ್ದ ಏಕಾಏಕಿ ಜೋರಾದರೂ, ಅದರ ಜೊತೆ ಸ್ಟಿಯರಿಂಗ್ ಒಂದು ಕಡೆಗೆ ಎಳೆಯತೊಡಗಿದರೂ ಹೀಗೆಯೇ.

10. ಬಿಗಿ ಮಾಡುವಾಗ

ರಬ್ಬರ್ ಬುಷ್ ಇರುವ ಶ್ಯಾಕಲ್ ಪಿನ್ನುಗಳ ಕೊನೆಯ ಬಿಗಿತವನ್ನು ಗಾಡಿಯ ಭಾರ ಚಕ್ರದ ಮೇಲೆ ಇಳಿದ ನಂತರವೇ ಕೊಡಿ. ಎತ್ತಿದ ಸ್ಥಿತಿಯಲ್ಲಿ ಬಿಗಿದರೆ ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ‘ಹೊಸ ಬುಷ್ ಎರಡೇ ತಿಂಗಳಿಗೆ ಹೋಯಿತು’ ಎಂಬ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ. ಯು-ಬೋಲ್ಟುಗಳನ್ನು ಬದಲಿಸುವಾಗ ಹೊಸ ನಟ್ಟನ್ನೇ ಹಾಕಿ, ಎದುರು ಬದುರು ನಟ್ಟುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬನ್ನಿ. ಬಿಗಿತದ ಅಳತೆ ನಿಮ್ಮ ಗಾಡಿಯ ಕೈಪಿಡಿಯದ್ದಾಗಿರಲಿ. ಹಳೆಯ ಯು-ಬೋಲ್ಟು ಒಮ್ಮೆ ಹಿಗ್ಗಿದ್ದರೆ ಎಷ್ಟು ಬಿಗಿದರೂ ನಿಲ್ಲುವುದಿಲ್ಲ.

ಬಿಗಿದ ಪ್ರತಿ ನಟ್ಟಿನ ಮೇಲಿನಿಂದ ಪಕ್ಕದ ಲೋಹದವರೆಗೆ ಬಣ್ಣದ ಒಂದು ಗೆರೆ ಎಳೆಯಿರಿ. ಸುಮಾರು 500 ಕಿ.ಮೀ. ಓಡಿದ ಮೇಲೆ ಬಗ್ಗಿ ನೋಡಿದರೆ ಗೆರೆ ಮುರಿದಿದೆಯೇ ಎಂಬುದರಿಂದಲೇ ಯಾವುದು ಸಡಿಲವಾಗಿದೆ ಎಂದು ತಿಳಿಯುತ್ತದೆ. ಆದರೂ ಯು-ಬೋಲ್ಟು ಮತ್ತು ಚಕ್ರದ ನಟ್ಟುಗಳಿಗೆ ಆಗ ಮತ್ತೊಮ್ಮೆ ಪಾನ ಹಾಕಲೇಬೇಕು. ಪಟ್ಟಿ ಭಾರಕ್ಕೆ ಕೂತುಕೊಂಡಾಗ ನಟ್ಟು ತಿರುಗದಿದ್ದರೂ ಬಿಗಿ ಕಡಿಮೆಯಾಗುತ್ತದೆ, ಅದನ್ನು ಗೆರೆ ತೋರಿಸುವುದಿಲ್ಲ.

ಜೋರಾದ ಶಬ್ದ ನಿಂತ ಮೇಲೆ ಅದರಡಿ ಕೇಳಿಸದೆ ಇದ್ದ ಸಣ್ಣದೊಂದು ಕೇಳತೊಡಗುವುದುಂಟು. ಹೊಸದಾಗಿ ಹಾಕಿದ ಭಾಗವನ್ನು ಬಿಚ್ಚುವ ಮೊದಲು, ಮೂರನೆಯ ಹಂತದ ಓಡಾಟವನ್ನು ಮತ್ತೊಮ್ಮೆ ಮಾಡಿ ಬರೆದುಕೊಳ್ಳಿ. ಹಳೆಯ ಟಿಪ್ಪಣಿಗೂ ಹೊಸದಕ್ಕೂ ಸಂದರ್ಭ ಬೇರೆಯಾಗಿದ್ದರೆ ಅದು ಬೇರೆಯೇ ಶಬ್ದ.